ಮಗಳಿಗೆ ಹೊಲಿದ ಕರಡಿ

ನಮ್ಮ ಮನೆಯಲ್ಲಿ ಮಕ್ಕಳಿಗೆ ವೇಷ ಮಾಡಿಕೊಡುವ ಕೆಲಸ ನನ್ನದು. ಹೆಂಡತಿ ಚಳ್ಳಕೆರೆಯ ಆಸ್ಪತ್ರೆಯಲ್ಲಿ ನರ್ಸ್. ಒಂದು ವಾರ ಹಗಲು ಡ್ಯೂಟಿ, ಇನ್ನೊಂದು ವಾರ ರಾತ್ರಿ. ಭಾನುವಾರ ಎನ್ನುವುದು ಅವಳಿಗೆ ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ನನ್ನದು ತಾಲ್ಲೂಕು ಕಚೇರಿಯ ಪಕ್ಕದಲ್ಲಿ ಒಂದು ಜೆರಾಕ್ಸ್ ಅಂಗಡಿ. ಕಚೇರಿಗೆ ರಜೆ ಎಂದರೆ ನನಗೂ ರಜೆ. ಹಾಗಾಗಿ ರಜೆಯ ದಿನ ಇಬ್ಬರು ಮಕ್ಕಳನ್ನು ಸಂಭಾಳಿಸುವ ಹೊಣೆ ನನಗೆ ಬಿತ್ತು. ಅಂಗಡಿಯಲ್ಲಿ ಕಾಗದ ಬರುವ ರಟ್ಟಿನ ಪೆಟ್ಟಿಗೆಗಳು ರಾಶಿ ಬೀಳುತ್ತಿದ್ದವು. ಒಂದು ದಿನ ಅದರಲ್ಲೊಂದನ್ನು ಕತ್ತರಿಸಿ, ಕೆಂಪು ಬಣ್ಣ ಬಳಿದು, ಮಗಳಿಗೆ ಅಂಚೆ ಡಬ್ಬಿ ಮಾಡಿಕೊಟ್ಟೆ. ಅವಳು ಅದರೊಳಗೆ ನಿಂತು ಬಂದವರಿಂದೆಲ್ಲ ಕಾಗದ ಹಾಕಿಸಿಕೊಂಡಳು. ಅಲ್ಲಿಂದ ಶುರುವಾಯಿತು.

ಮರುವರ್ಷ ಶಾಲೆಯ ವೇಷದ ಸ್ಪರ್ಧೆಗೆ ಈರುಳ್ಳಿ ಮಾಡಿದೆ. ಹೆಂಡತಿಯ ಹಳೆಯ ಗುಲಾಬಿ ಲಂಗಗಳನ್ನು ಒಂದರ ಮೇಲೊಂದು ಪದರವಾಗಿ ಹೊಲಿದು, ಒಳಗೆ ದಿಂಬಿನ ಹತ್ತಿ ತುಂಬಿದ್ದೆ. ಮಗಳು ವೇದಿಕೆಯ ಮೇಲೆ ಒಂದೊಂದೇ ಪದರ ಸುಲಿದು ಕೆಳಗೆ ಹಾಕುತ್ತಾ ಹೋದಳು. ಮುಂದೆ ಕೂತಿದ್ದ ಹೆಂಗಸರು ಕಣ್ಣು ಒರೆಸಿಕೊಳ್ಳುವ ಹಾಗೆ ಮಾಡಿ ನಕ್ಕರು. ಮೊದಲ ಬಹುಮಾನ ಬಂತು. ಯಾರೋ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪುಗಳಿಗೆ ಹಾಕಿದರು. ಒಂದು ವಾರ ಅಂಗಡಿಗೆ ಪಹಣಿ ಜೆರಾಕ್ಸ್ ಮಾಡಿಸಲು ಬಂದವರೆಲ್ಲ, "ಈರುಳ್ಳಿ ಮಾಡಿದೋರು ನೀವೇನಾ?" ಎಂದು ಕೇಳಿದರು. ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದು ಆಗ ನನಗೆ ತಿಳಿಯಲಿಲ್ಲ.

ಕರಡಿಯ ಮಾತು ಬಂದದ್ದು ಅದರ ಮುಂದಿನ ವರ್ಷ. ಮಗಳಿಗೆ ಎಂಟು, ಮಗನಿಗೆ ಐದು. ದಸರಾ ರಜೆ ಮುಗಿದ ಮೇಲೆ ಸ್ಪರ್ಧೆ. ಆ ಸಲ ಎಲ್ಲರೂ ಯಾವುದಾದರೂ ಪ್ರಾಣಿಯಾಗಬೇಕೆಂದು ಶಾಲೆಯಿಂದ ಚೀಟಿ ಬಂದಿತ್ತು. ಮಗಳು ಯೋಚಿಸಲೇ ಇಲ್ಲ. "ನಂಗೆ ಕರಡಿ," ಎಂದಳು.

ಅವಳಿಗೆ ಕರಡಿಯ ಹುಚ್ಚು ಹತ್ತಿದ್ದು ಅಜ್ಜಿಯ ಫೋನಿನಿಂದ. ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಅವರದು ರೇಷ್ಮೆ ಸೀರೆ ನೇಯುವ ಮನೆತನ, ಮನೆಯೊಳಗಿನ ಮಾತು ತೆಲುಗು. ಊರಂಚಿನಲ್ಲಿ, ಅವರ ಮನೆಯೂ ಸೇರಿ, ಮಗ್ಗದ ಮನೆಗಳ ಒಂದು ಸಾಲು, ಅದರ ಹಿಂದೆ ಜಾಲಿ ಪೊದೆ, ಅದರಾಚೆ ಬಂಡೆಗಳ ಗುಡ್ಡ. ಆ ವರ್ಷ ಗುಡ್ಡದಿಂದ ಕರಡಿಯೊಂದು ಇಳಿದು ಬರತೊಡಗಿತ್ತು. ಮೊದಲು ಸೀತಾಫಲಕ್ಕೆ ಬಂತು ಎಂದರು. ಆಮೇಲೆ, ಬೆಳಗಿನ ಜಾವ ಹೊರಗೆ ಹೋಗಿದ್ದ ಒಬ್ಬರ ಭುಜವನ್ನು ಸೀಳಿ ಹಾಕಿತು. ಅವರು ಬದುಕಿಕೊಂಡರು, ಆದರೆ ಆ ಕೈಯಲ್ಲಿ ಮತ್ತೆ ಲಾಳಿ ಹಿಡಿಯಲು ಆಗಲಿಲ್ಲ. ಅರಣ್ಯ ಇಲಾಖೆಯವರು ಬೋನು ತಂದಿಟ್ಟರು. ಸಾಲಿನ ಹುಡುಗರು ದೊಣ್ಣೆ, ಖಾಲಿ ಡಬ್ಬ ಹಿಡಿದು ಸರದಿ ಮೇಲೆ ಕಾಯತೊಡಗಿದರು. ನಮ್ಮ ಅತ್ತೆ ಇದನ್ನೆಲ್ಲ ದಿನವೂ ಫೋನಿನಲ್ಲಿ ಹೇಳುತ್ತಿದ್ದರು, ನನ್ನ ಮಗಳು ಸ್ಪೀಕರಿಗೆ ಕಿವಿ ಕೊಟ್ಟು ಕೂರುತ್ತಿದ್ದಳು.

"ಕುಣಿಯೋ ಕರಡಿ ಅಪ್ಪ," ಎಂದು ಅವಳು ವಿವರಿಸಿದಳು. "ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಣ. ಕಾಲಿಗೆ ಗೆಜ್ಜೆ."

ನಾನು ರಿಬ್ಬನ್ ಬೇಡವೆಂದೆ. ಗೆಜ್ಜೆ ಕಟ್ಟಿದ ಕರಡಿಯನ್ನು ಯಾರು ಬೇಕಾದರೂ ಮಾಡುತ್ತಾರೆ. ನಾವು ಗುಡ್ಡದ ಕರಡಿ ಮಾಡೋಣ, ನೋಡಿದವರು ಬೆಚ್ಚಬೇಕು ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಆಗಲಿ ಎಂದಳು. ಅದು ಅವಳ ಆಸೆಯಲ್ಲ, ನನ್ನದು ಎಂಬುದು ಅವಳಿಗೆ ಆಗಲೇ ಗೊತ್ತಿತ್ತೋ ಏನೋ.

ಪರಶುರಾಂಪುರದ ಕಡೆಯಿಂದ ಅಂಗಡಿಗೆ ಬರುವ ಕುರಿಗಾಹಿಯೊಬ್ಬರು ತಮ್ಮ ಹಳೆಯ ಕರಿ ಕಂಬಳಿ ಕೊಟ್ಟರು. ಅದನ್ನು ತಂತಿಯ ಬ್ರಷ್‌ನಿಂದ ಕೆದರಿ ಕೆದರಿ, ಉಣ್ಣೆ ಜೊಂಪೆ ಜೊಂಪೆಯಾಗಿ ಎದ್ದು ನಿಲ್ಲುವಂತೆ ಮಾಡಿದೆ. ತುಂಡು ತುಂಡಾಗಿ ಕತ್ತರಿಸಿ ಮಗಳ ಹಳೆಯ ಸ್ವೆಟರಿಗೂ ಪ್ಯಾಂಟಿಗೂ ಹೊಲಿದೆ. ತಲೆಗೆ ಬಿದಿರಿನ ಸಣ್ಣ ಬುಟ್ಟಿ, ಮೂತಿಗೆ ರಟ್ಟು, ಅದರ ಮೇಲೆ ಬೂದು ಬಟ್ಟೆ. ಪ್ಲಾಸ್ಟಿಕ್ ಪೈಪನ್ನು ಸೀಳಿ, ಒಲೆಯ ಮೇಲೆ ಕಾಯಿಸಿ ಬಗ್ಗಿಸಿ, ಒಂದೊಂದು ಪಂಜಕ್ಕೆ ಐದೈದು ಬಿಳಿ ಉಗುರು ಅಂಟಿಸಿದೆ. ಬೆರಳು ಕಂಡರೆ ಮಗು ಎಂದು ಗೊತ್ತಾಗುತ್ತದೆಂದು ಪಂಜಗಳ ಬಾಯನ್ನು ಹೊಲಿದು ಮುಚ್ಚಿದೆ. ತಲೆಗೂ ಮೈಗೂ ನಡುವೆ ಕುತ್ತಿಗೆ ಇಣುಕಬಾರದೆಂದು ತಲೆಯನ್ನು ಮೈಗೆ ಸೇರಿಸಿಬಿಟ್ಟೆ. ಹಾಕಿಕೊಳ್ಳಲು ಬೆನ್ನ ಹಿಂದೆ ಸೊಂಟದ ತನಕ ಸೀಳು, ಅದಕ್ಕೆ ಹನ್ನೊಂದು ಹುಕ್ಕು, ಹುಕ್ಕಿನ ಮೇಲೆ ಉಣ್ಣೆಯ ಪಟ್ಟಿ.

ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಅದನ್ನು ನೋಡಿದಳು.

"ಇಷ್ಟು ನಿಜವಾಗಿ ಕಾಣ್ಬೇಕೇನ್ರಿ?"

"ಅದಕ್ಕೇ ಅಲ್ವಾ ಮಾಡಾದು."

"ರಿಬ್ಬನ್ ಕೇಳಿದ್ಲಲ್ಲ, ಕಟ್ಟಿ. ಮಗು ಒಳಗೈತೆ ಅಂತ ಗೊತ್ತಾಗ್ಲಿ."

"ರಿಬ್ಬನ್ ಕಟ್ಟಿದ್ರೆ ಎಲ್ಲ ಕೆಟ್ಟೋಗುತ್ತೆ," ಎಂದೆ. ಅವಳು ಒಳಗೆ ಹೋಗಿ ಸ್ನಾನ ಮಾಡಿ ಮಲಗಿದಳು. ಹನ್ನೆರಡು ಗಂಟೆ ನಿಂತು ಬಂದವಳ ಜೊತೆ ವಾದ ಗೆಲ್ಲುವುದು ಸುಲಭ.

ರಜೆಗೆ ಮಕ್ಕಳನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಹೆಂಡತಿಗೆ ರಜೆ ಸಿಗಲಿಲ್ಲ. ಕರಡಿಯನ್ನು ಒಂದು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ; ದಾರಿಯಲ್ಲಿ ತಳಕಿನ ಸ್ಟಾಪಿನಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲದ ಬಾಯಿಂದ ಇಣುಕುತ್ತಿದ್ದ ಪಂಜ ನೋಡಿ ಬೇರೆ ಸೀಟಿಗೆ ಹೋದಳು. ಎದೆಯ ಮೇಲಿನ ಬಿಳಿ ಗುರುತೊಂದು ಬಾಕಿಯಿತ್ತು. ನಮ್ಮ ಮಾವ ಮಗ್ಗದ ಬುಡದಿಂದ ಕೆನೆಬಣ್ಣದ ರೇಷ್ಮೆಯ ತುಂಡು ಎಳೆಗಳನ್ನು ಆರಿಸಿ ಹಿಡಿ ತುಂಬ ತಂದರು. "ಇದಿ ಸರಿಪೋತುಂದಾ?" ಎಂದು ಕೇಳಿದರು. ಸಾಕು ಮಾವ, ಬೇಕಾದಷ್ಟಾಯ್ತು ಎಂದೆ. ಅದನ್ನು ಎದೆಯ ಮೇಲೆ ಕಮಾನಿನಂತೆ ಹೊಲಿದಾಗ ಕರಡಿಗೆ ಜೀವ ಬಂದಂತಾಯಿತು.

ಹೋದ ಮೂರನೆಯ ದಿನ ಸಂಜೆ ಐದೂವರೆಗೆ ಎಲ್ಲ ಮುಗಿಯಿತು. ಮಗಳಿಗೆ ಹಾಕಿ ಹನ್ನೊಂದು ಹುಕ್ಕು ಬಿಗಿದೆ. ಅತ್ತೆ ಟೀ ಹಿಡಿದು ಹಿತ್ತಲಿಗೆ ಬಂದವರು "ಅಮ್ಮೋ" ಎಂದು ಎರಡು ಹೆಜ್ಜೆ ಹಿಂದೆ ಹೋದರು. ಗೊತ್ತಿದ್ದವರೇ ಹಿಂದೆ ಸರಿದರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಅಷ್ಟರಲ್ಲಿ ಬಲ ಪಂಜದ ಒಂದು ಉಗುರು ಕಿತ್ತು ಕೆಳಗೆ ಬಿತ್ತು. ನೋಡಿದರೆ ಅಂಟಿನ ಟ್ಯೂಬು ಖಾಲಿ.

"ಅಪ್ಪ, ಸೆಕೆ. ಬಿಚ್ಚಿ," ಎಂದಳು ಮಗಳು ಬುಟ್ಟಿಯೊಳಗಿಂದ.

"ಐದು ನಿಮಿಷ ತಡಿ ಪುಟ್ಟಿ. ಅಂಟು ತರ್ತೀನಿ. ಬಿಚ್ಚಿದ್ರೆ ಮತ್ತೆ ಎಲ್ಲ ಹುಕ್ಕೂ ಹಾಕ್ಬೇಕು. ಫೋಟೊ ತೆಗ್ದು ಬಿಚ್ಚಣ."

ಅವಳನ್ನು ಹಾಗೇ ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ನಡೆದೆ. ಮಾವ ಒಳಗೆ ಮಗ್ಗದಲ್ಲಿದ್ದರು. ಅತ್ತೆ ಮಗನಿಗೆ ತಿನ್ನಲು ಕೊಡುತ್ತಾ ಅಡುಗೆಮನೆಯಲ್ಲಿದ್ದರು. ಮಗಳು ಮಾವನ ಹತ್ತಿರ ಇದ್ದಾಳೆಂದು ಅತ್ತೆ, ಅತ್ತೆಯ ಹತ್ತಿರ ಇದ್ದಾಳೆಂದು ಮಾವ ತಿಳಿದಿದ್ದರು.

ಐದು ನಿಮಿಷದ ಕೆಲಸ ಅರ್ಧ ಗಂಟೆಯಾಯಿತು. ಅಂಟು ಕೊಟ್ಟ ಅಂಗಡಿಯವರು ಹೆಂಡತಿಯ ಕಡೆಯ ಪರಿಚಯದವರು. ಈರುಳ್ಳಿಯ ಫೋಟೊ ಅವರಿಗೂ ಬಂದಿತ್ತಂತೆ. ಈ ಸಲ ಏನು ಎಂದು ಕೇಳಿದರು. ನಾನು ಕಟ್ಟೆಗೆ ಒರಗಿ ಕಂಬಳಿ ಕೆದರಿದ್ದರಿಂದ ಹಿಡಿದು ಉಗುರು ಬಗ್ಗಿಸಿದ್ದರ ತನಕ ಹೇಳುತ್ತಾ ನಿಂತೆ. ಹೊತ್ತು ಮುಳುಗಿ ಬೀದಿಯಲ್ಲಿ ಮಬ್ಬು ಕವಿದಿತ್ತು. ಆಗ ಡಬ್ಬ ಬಡಿಯುವ ಸದ್ದು ಕೇಳಿತು. ಮೊದಲು ಒಂದು, ಆಮೇಲೆ ನಾಲ್ಕೈದು. ಹುಡುಗರು ನಮ್ಮ ಮುಂದೆಯೇ ಓಡಿದರು.

"ಕರಡಿ ಬಂದೈತೆ, ಹಿಂದ್ಲ ಸಾಲಿಗೆ. ಬರ್ರಲೇ."

ಯಾರೋ ನನ್ನ ಕೈಗೂ ಒಂದು ದೊಣ್ಣೆ ಕೊಟ್ಟರು. ನಾನೂ ಓಡಿದೆ. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು: ಆಗ ನನಗೆ ಭಯವಾಗಿರಲಿಲ್ಲ. ನಿಜವಾದ ಕರಡಿಯನ್ನು ಹತ್ತಿರದಿಂದ ನೋಡಿದರೆ ನಾನು ಮಾಡಿದ್ದರಲ್ಲಿ ಏನು ತಪ್ಪಿದೆ ಎಂದು ತಿಳಿಯುತ್ತದೆ ಎನ್ನುವ ಯೋಚನೆಯೇ ನನ್ನ ತಲೆಯಲ್ಲಿತ್ತು. ದೊಣ್ಣೆ ಹಿಡಿದು, ಉಳಿದವರ ಜೊತೆ ಕೂಗುತ್ತಾ, ಎರಡು ಬೀದಿ ಓಡಿದೆ.

ಪಕ್ಕದಲ್ಲಿ ಓಡುತ್ತಿದ್ದವನು ಏದುಸಿರಿನಲ್ಲಿ ಹೇಳಿದ: "ಸಣ್ಣದಂತೆ ಕಣ್ರೀ, ಮರಿ ಇರ್ಬೇಕು. ಎರಡು ಕಾಲ್ ಮೇಲೆ ಓಡ್ತಂತೆ."

ದೊಣ್ಣೆ ಬಿಸಾಡಿದೆ. ಮರುಕ್ಷಣ ಎಲ್ಲರಿಗಿಂತ ಮುಂದೆ ಓಡತೊಡಗಿದೆ. ಓಡುತ್ತಲೇ ಮನೆಗೆ ಫೋನ್ ಮಾಡಿದೆ. ರಿಂಗ್ ಆಗುತ್ತಿತ್ತು, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಸಾಲು ಮನೆಗಳು ಮುಗಿದ ಮೇಲೆ ಗುಡ್ಡದ ಕಡೆ ಹೋಗುವ ಮಣ್ಣಿನ ರಸ್ತೆ. ಅದರ ಅಡಿಯಲ್ಲಿ ಮಳೆ ನೀರು ಹರಿಯಲು ಸಿಮೆಂಟ್ ಪೈಪು ಹಾಕಿದ ಮೋರಿ. ಇಪ್ಪತ್ತು ಮೂವತ್ತು ಜನ ಮೋರಿಯ ಎರಡೂ ಬಾಯಿ ಸುತ್ತುವರಿದಿದ್ದರು. ಡಬ್ಬದ ಸದ್ದಿಗೆ ಕಿವಿ ಕಿವುಡಾಗುತ್ತಿತ್ತು. ಒಬ್ಬ ಕೋಲಿನ ತುದಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆ ಸುರಿಯುತ್ತಿದ್ದ. ಹೊಗೆ ಹಾಕಿ ಹೊರಗೆ ಎಬ್ಬಿಸುವ ಆಲೋಚನೆ. ಇನ್ನೊಬ್ಬ ಯುವಕ ಬಗ್ಗಿ ಪೈಪಿನೊಳಗೆ ಕಲ್ಲು ಬೀಸಿದ. ಕಲ್ಲು ಒಳಗೆ ಏನಕ್ಕೋ ಮೆತ್ತಗೆ ಬಡಿದ ಸದ್ದು ನನಗೆ ಕೇಳಿತು.

"ನಿಲ್ಲಿಸ್ರೋ, ನನ್ ಮಗಳು ಅದು," ಎಂದು ಕಿರುಚಿದೆ. ಯಾರಿಗೂ ಕೇಳಲಿಲ್ಲ. ಪೈಪಿನ ಬಾಯಿಗೆ ನುಗ್ಗಿದೆ. ಇಬ್ಬರು ನನ್ನ ಅಂಗಿ ಹಿಡಿದು ಎಳೆದರು.

"ಯಾವನಲೇ ಇವ್ನು? ಕುಡ್ದವ್ನಾ? ತಾಯಿ ಕರಡಿ ಇಲ್ಲೇ ಎಲ್ಲೋ ಇರ್ತೈತೆ, ಹಿಂದಕ್ಕೆ ಬಾ."

ಕಡೆಗೆ ಅವರಲ್ಲೇ ಹಿರಿಯರೊಬ್ಬರು ನನ್ನನ್ನು ಗುರುತು ಹಿಡಿದರು. ಚಳ್ಳಕೆರೆ ಅಳಿಯ ಅಲ್ವಾ ಎಂದು ಕೈಯೆತ್ತಿ ಡಬ್ಬ ನಿಲ್ಲಿಸಿದರು. ನಾನು ಒಂದೇ ಉಸಿರಿಗೆ ಹೇಳಿದೆ: ಕಂಬಳಿಯಲ್ಲಿ ವೇಷ ಮಾಡಿದ್ದೀನಿ, ಮಗಳು ಹಾಕ್ಕೊಂಡಿದ್ದಾಳೆ, ಎಂಟು ವರ್ಷ.

"ಹಂಗಾದ್ರೆ ಕರೀರಿ," ಎಂದರು ಹಿರಿಯರು.

ಪೈಪಿನ ಬಾಯಿಗೆ ಮುಖವಿಟ್ಟು ಕರೆದೆ. ಒಳಗಿಂದ ಏನೂ ಬರಲಿಲ್ಲ. ಮತ್ತೆ ಕರೆದೆ. ಮತ್ತೂ ಕರೆದೆ.

"ಮಗಳಾಗಿದ್ರೆ ಓ ಅನ್ನಲ್ವೇನ್ರಿ?" ಎಂದ ಕೋಲಿನವನು, ಮೆಲ್ಲಗೆ. "ಬೆಳಗ್ಗೆ ಹುಣಸೆ ಮರದತ್ರ ನಾನೇ ಕಂಡೀನಿ, ದೊಡ್ಡದಿತ್ತು. ಮರಿ ಇಲ್ಲೇ ಸೇರ್ಕೊಂಡೈತೆ."

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಂತು. ಅತ್ತೆ. "ಪಾಪ ನಿಮ್ ಜೊತೆ ಬಂದೈತಾ? ಹಿತ್ತಲ ಬಾಗ್ಲು ತೆಗ್ದೈತೆ," ಎಂದರು. ನಾನು ಫೋನ್ ಇಟ್ಟೆ.

ಮನೆಯಲ್ಲಿ ಇಲ್ಲ. ಪೈಪಿನಲ್ಲಿರುವುದು ಅವಳೇ ಆದರೆ, ಕಲ್ಲು ಬಿದ್ದಿದೆ, ಮಾತಿಲ್ಲ. ಅವಳಲ್ಲ, ನಿಜವಾದ ಮರಿ ಎಂದಾದರೆ, ಅದರ ತಾಯಿ ಓಡಾಡುತ್ತಿರುವ ಜಾಲಿಯಲ್ಲಿ ನನ್ನ ಮಗಳು ಕೈಬೆರಳು ಕೂಡ ಆಡದ ವೇಷದಲ್ಲಿ ಒಬ್ಬಳೇ ಎಲ್ಲೋ ಇದ್ದಾಳೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಫೋನಿನ ಲೈಟು ಹಾಕಿ ಪೈಪಿನೊಳಗೆ ತೆವಳಿದೆ. ಯಾರೋ ಕಾಲು ಹಿಡಿದರು. "ಬಿಡ್ರೋ, ಹೋಗ್ಲಿ," ಎಂದ ಹಿರಿಯರ ದನಿ ಕೇಳಿತು.

ಭುಜಗಳು ಎರಡೂ ಕಡೆ ತಾಗುವಷ್ಟು ಇಕ್ಕಟ್ಟು. ಅಡಿಯಲ್ಲಿ ಒಣ ಕೆಸರು, ಒಡೆದ ಬಾಟಲಿ ಚೂರು. ಮೂರು ಮಾರು ಒಳಗೆ ಬೆಳಕಿಗೆ ಕರಿ ಉಣ್ಣೆ ಕಂಡಿತು. ಮುದುರಿಕೊಂಡು, ಅಲುಗದೆ. ಅಷ್ಟು ಹತ್ತಿರದಿಂದ ನೋಡಿದರೂ, ಮಾಡಿದ ನನಗೇ ಅದು ಕರಡಿಯೋ ವೇಷವೋ ಗೊತ್ತಾಗಲಿಲ್ಲ. ಲೈಟನ್ನು ಕೆಳಗೆ ತಂದೆ. ಒಂದು ಪಂಜ ನನ್ನ ಕಡೆ ಚಾಚಿತ್ತು. ಬಿಳಿ ಉಗುರು ಎಣಿಸಿದೆ. ನಾಲ್ಕು ಇದ್ದವು. ಐದನೆಯದಿರಬೇಕಾದ ಜಾಗದಲ್ಲಿ ಒಣಗಿದ ಅಂಟಿನ ಕಲೆ.

"ಪುಟ್ಟಿ," ಎಂದೆ.

ಉಣ್ಣೆ ಸ್ವಲ್ಪ ನಡುಗಿತು. ಬುಟ್ಟಿಯೊಳಗಿಂದ ಪಿಸುಮಾತು ಬಂತು. "ಅಪ್ಪ, ಮಾತಾಡ್ಬೇಡಿ. ಕರಡಿ ಬಂದೈತೆ."

ಅವಳಿಗೆ ಅರ್ಥವೇ ಆಗಿರಲಿಲ್ಲ. ಜನ ಕರಡಿ ಕರಡಿ ಎಂದು ಕೂಗಿ ತನ್ನ ಕಡೆ ಓಡಿಬಂದಾಗ, ತನ್ನ ಬೆನ್ನ ಹಿಂದೆ ಕರಡಿ ಇದೆ ಎಂದು ತಿಳಿದು ಓಡಿ ಬಂದು ಅಡಗಿದ್ದಳು. ಕರಡಿ ಎದುರಾದರೆ ಉಸಿರೆತ್ತದೆ ಸುಮ್ಮನೆ ಮುದುರಿ ಬಿದ್ದಿರಬೇಕೆಂದು ಅಜ್ಜಿ ಹೇಳಿಕೊಟ್ಟಿದ್ದರು. ಕಲ್ಲು ಬಿದ್ದಾಗಲೂ ಅವಳು ಉಸಿರೆತ್ತಿರಲಿಲ್ಲ.

"ಕರಡಿ ಹೋಯ್ತು. ನಾನು ಬಂದೀನಿ," ಎಂದೆ.

ಅವಳನ್ನು ಹಿಡಿದು ಹಿಂದಕ್ಕೆ ಎಳೆಯಬೇಕೆನ್ನುವಷ್ಟರಲ್ಲಿ ಹೊರಗಿನ ದೊಣ್ಣೆಗಳು ನೆನಪಾದವು. ಮೋರಿಯ ಬಾಯಲ್ಲಿ ಕಪ್ಪು ಉಣ್ಣೆ ಕಂಡ ಕೂಡಲೇ ಯಾರ ಕೈ ಏಳುತ್ತದೋ ಹೇಳಲಾಗದು. ವೇಷವನ್ನು ಒಳಗೇ ಬಿಚ್ಚಬೇಕಿತ್ತು. ಅವಳನ್ನು ಹೊರಳಿಸಿದೆ, ಎಡಗೈ ತಾಗಿದಾಗ ಮೊದಲ ಸಲ ನರಳಿದಳು. ಫೋನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಉಣ್ಣೆಯ ಪಟ್ಟಿ ಸರಿಸಿ, ಒಂದೊಂದೇ ಹುಕ್ಕು ಹುಡುಕಿದೆ. ಗಟ್ಟಿಯಾಗಿರಲೆಂದು ನಾನೇ ಎರಡೆರಡು ಸಲ ಹೊಲಿದವು. ಬೆರಳು ಬೆವೆತು ಜಾರುತ್ತಿದ್ದವು. ಹಿಂದಿನಿಂದ ಹೊಗೆಯ ವಾಸನೆ ಬಂತು. ಕೋಲಿನ ಬಟ್ಟೆಗೆ ಯಾರೋ ಬೆಂಕಿ ಹಚ್ಚಿಬಿಟ್ಟಿದ್ದರು. ಆರನೆಯದೋ ಏಳನೆಯದೋ ಆದ ಮೇಲೆ ತಾಳ್ಮೆ ಹೋಯಿತು. ಎರಡೂ ಕೈಯಿಂದ ಹಿಡಿದು ಬೆನ್ನನ್ನು ಸೀಳಿದೆ. ಬುಟ್ಟಿಯಿಂದ ಅವಳ ತಲೆ ಹೊರಗೆ ಬಂತು. ಮುಖವೆಲ್ಲ ಒದ್ದೆ, ಕೂದಲು ಹಣೆಗೆ ಅಂಟಿತ್ತು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಮಗೂನ ಕರ್ಕೊಂಡು ಬರ್ತಿದೀನಿ, ಯಾರೂ ಕೈ ಎತ್ತಬೇಡ್ರಿ," ಎಂದು ಕೂಗುತ್ತಾ ಹಿಂದಕ್ಕೆ ತೆವಳಿದೆ. ಮೊದಲು ನನ್ನ ಕಾಲು, ಆಮೇಲೆ ನಾನು, ನನ್ನ ಎದೆಗೆ ಅಂಟಿ ಹಳದಿ ಫ್ರಾಕಿನ ಹುಡುಗಿ.

ಹೊರಗೆ ಒಬ್ಬರ ಕೈಯಿಂದ ಡಬ್ಬ ಬಿತ್ತು. ಅಷ್ಟರಲ್ಲಿ ಮಾವ ಬಂದಿದ್ದರು, ಮಗ್ಗದಿಂದ ಎದ್ದವರು ಚಪ್ಪಲಿ ಕೂಡ ಹಾಕದೆ. "ರಾ ತಲ್ಲಿ," ಎಂದು ಕೈ ಚಾಚಿ ಮೊಮ್ಮಗಳನ್ನು ತೆಗೆದುಕೊಂಡರು. ಜನ ದಾರಿ ಬಿಟ್ಟರು.

ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಮೂತಿಗೆ ಬಿದ್ದ ಇನ್ನೊಂದು ಕಲ್ಲನ್ನು ರಟ್ಟು ತಡೆದಿತ್ತು, ತುಟಿ ಮಾತ್ರ ಒಡೆದಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ, "ಬಿದ್ಲು ಸಾರ್," ಎಂಬ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

"ಬಿದ್ದಿಲ್ಲ," ಎಂದಳು ಮಗಳು. ಆಮೇಲೆ ನಿಧಾನವಾಗಿ, ಡಾಕ್ಟರಿಗೇ ಹೇಳಿದಳು, ನನ್ನ ಕಡೆ ನೋಡದೆ. "ಅಪ್ಪ ಹೇಳಿದ್ರು, ಒಬ್ರಾದ್ರೂ ನಿಜವಾದ ಕರಡಿ ಅನ್ಕೊಂಡ್ರೆ ನಾವು ಗೆದ್ದಂಗೆ ಅಂತ. ಅದ್ಕೆ ನೋಡಣ ಅಂತ ಹೋದೆ. ಅಪ್ಪ ಬರೋದ್ರೊಳಗೆ ಬಂದು ಹೇಳಣ ಅಂತ."

ಹಾಗೆ ನಾನು ಹೇಳಿದ್ದು ನಿಜ. ಚಳ್ಳಕೆರೆಯಲ್ಲಿ, ಉಣ್ಣೆ ಕೆದರುತ್ತಾ, ಏನೋ ಹುರುಪಿನಲ್ಲಿ ಆಡಿದ ಮಾತು. ನಾನು ಮರೆತೇಬಿಟ್ಟಿದ್ದೆ. ಡಾಕ್ಟರು ನನ್ನನ್ನು ಒಮ್ಮೆ ನೋಡಿ, ಪ್ಲಾಸ್ಟರ್ ಸುತ್ತುವುದನ್ನು ಮುಂದುವರಿಸಿದರು.

ಹೆಂಡತಿಗೆ ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲ ಕೇಳಿದಳು. "ಬೆರಳು ಆಡಿಸ್ತಾಳಾ?" ಎಂದು ಒಂದೇ ಪ್ರಶ್ನೆ ಕೇಳಿದಳು. ಆಡಿಸುತ್ತಾಳೆ ಎಂದೆ. ಫೋನ್ ಇಟ್ಟಳು. ಜೊತೆಯವಳೊಬ್ಬಳಿಗೆ ಡ್ಯೂಟಿ ಒಪ್ಪಿಸಿ, ಮೊಳಕಾಲ್ಮೂರಿನ ಕಡೆ ಹೊರಟಿದ್ದ ಯಾರದೋ ಕಾರಿನಲ್ಲಿ ಎರಡು ಗಂಟೆಯೊಳಗೆ ಬಂದಳು. ಇನ್ನೂ ನರ್ಸಿನ ಬಟ್ಟೆಯಲ್ಲೇ ಇದ್ದಳು. ಮಲಗಿದ್ದ ಮಗಳ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ರಕ್ತ ತಿರುಗಿ ಬರುವುದನ್ನು ನೋಡಿದಳು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. ನಾನು ಹತ್ತಿರ ಹೋದೆ. ಈಗ ಬೇಡ ಎಂಬಂತೆ ಕೈ ಮಾಡಿದಳು.

ಮರುದಿನ ಬೆಳಿಗ್ಗೆ ಕಲ್ಲು ಬೀಸಿದ ಯುವಕ ಬಂದ. ನಾಲ್ಕು ಮನೆ ಆಚೆಯವನು, ಇಪ್ಪತ್ತೈದರ ಒಳಗಿನ ನೇಕಾರ. ಕರಡಿ ಭುಜ ಸೀಳಿದ್ದು ಅವನ ಅಪ್ಪನದು ಎಂದು ನನಗೆ ಆಗ ಗೊತ್ತಾಯಿತು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹೊರಗೆ ನಿಂತ.

"ನಂಗೆ ಕಣ್ಣಿಗೆ ಕಟ್ಟಿತ್ತಣ್ಣ," ಎಂದ. "ನಮ್ಮಪ್ಪನೇ ಕಾಣ್ತಿದ್ದ."

ನಾನು ಏನಾದರೂ ಹೇಳಬೇಕಿತ್ತು. ತಪ್ಪು ನಿನ್ನದಲ್ಲ ಎನ್ನಬೇಕಿತ್ತು. ಅದು ನಿಜವೂ ಆಗಿತ್ತು. ನನ್ನ ಹೆಂಡತಿ ಹೊರಗೆ ಹೋಗಿ ಅವನ ಮುಂದೆ ನಿಂತು, ತೆಲುಗಿನಲ್ಲಿ ಅವನ ಅಪ್ಪನ ಗಾಯ ಹೇಗಿದೆ, ಯಾವ ಮಾತ್ರೆ ಕೊಡುತ್ತಿದ್ದೀರಿ, ಭುಜ ಎಷ್ಟು ಎತ್ತಲು ಬರುತ್ತದೆ ಎಂದು ಕೇಳಿದಳು. ಮಧ್ಯಾಹ್ನ ಅವರ ಮನೆಗೆ ಹೋಗಿ ನೋಡಿಯೂ ಬಂದಳು. ಅದನ್ನು ನೋಡಿ ನನ್ನ ನಾಚಿಕೆ ಇನ್ನೂ ಹೆಚ್ಚಾಯಿತು.

ಚಳ್ಳಕೆರೆಗೆ ಮರಳಿದ ಮೇಲೂ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದುಬಿಟ್ಟಿದ್ದರೆ ಎಂದು ದಿನವೂ ಅನ್ನಿಸುತ್ತಿತ್ತು. ಅನ್ನ ಬಡಿಸುವಾಗ, ಮಕ್ಕಳನ್ನು ಶಾಲೆಗೆ ಕಳಿಸುವಾಗ, ಬೇಕಾದಷ್ಟೇ ಮಾತು. ಎಂಟು ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಬಟ್ಟೆ ಮಡಿಸುತ್ತಾ ಕೇಳಿದಳು.

"ಅದನ್ನ ಯಾರಿಗೆ ಅಂತ ಮಾಡಿದ್ರಿ?"

ಮಗಳಿಗೆ ಎಂದು ಹೇಳಲು ಹೊರಟೆ. ಹೇಳಲಾಗಲಿಲ್ಲ. ಅವಳು ಬಟ್ಟೆ ಮಡಿಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿದ್ದಳು.

"ತಪ್ಪಾಯ್ತು," ಎಂದೆ.

"ನಂಗಲ್ಲ," ಎಂದಳು.

ಆ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ನೀನು ಕೇಳಿದ ಹಾಗೆ ಮಾಡಬೇಕಿತ್ತು, ಸೆಕೆ ಎಂದಾಗ ಬಿಚ್ಚಬೇಕಿತ್ತು, ಎರಡನ್ನೂ ಮಾಡಲಿಲ್ಲ ಎಂದೆ. ಅವಳು ಪ್ಲಾಸ್ಟರಿನ ಅಂಚನ್ನು ಕೆರೆಯುತ್ತಾ ಕೇಳಿಸಿಕೊಂಡಳು. "ನೀವು ಒಳಗೆ ಬರ್ತೀರ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಳು. ಅದು ಕ್ಷಮಿಸಿದ ಮಾತೋ, ಬರೀ ನೆನಪೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮೋರಿಯಲ್ಲಿ ಉಳಿದ ವೇಷವನ್ನು ತರಲು ಯಾರೂ ಹೋಗಲಿಲ್ಲ. ನಿಜವಾದ ಕರಡಿ ಬೋನಿಗೆ ಬೀಳಲೇ ಇಲ್ಲ. ಚಳಿ ಬರುವ ಹೊತ್ತಿಗೆ ತಾನಾಗಿಯೇ ಇಳಿಯುವುದನ್ನು ಬಿಟ್ಟಿತು ಎಂದು ಅತ್ತೆ ಹೇಳಿದರು. ಮಗಳ ಕೈ ಕೂಡಿಕೊಂಡಿತು. ಆದರೆ ಒಂದು ವರ್ಷದವರೆಗೆ ಎಲ್ಲಾದರೂ ತಮಟೆಯೋ ತಟ್ಟೆಯೋ ಸದ್ದಾದರೆ ಆಡುತ್ತಿದ್ದಲ್ಲೇ ಮುದುರಿ ಕೂತುಬಿಡುತ್ತಿದ್ದಳು. ನಾನು ಹತ್ತಿರ ಹೋಗಿ ಕೂರುತ್ತಿದ್ದೆ. ಸದ್ದು ನಿಂತ ಮೇಲೆ ಎದ್ದು ಹೋಗುತ್ತಿದ್ದಳು.

ಎರಡು ವರ್ಷ ನಮ್ಮ ಮನೆಯಲ್ಲಿ ಯಾವ ವೇಷವೂ ಆಗಲಿಲ್ಲ. ಮೂರನೆಯ ವರ್ಷ ಮಗ ತನಗೆ ಪರಶುರಾಂಪುರದ ಬಸ್ಸು ಬೇಕೆಂದ. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮಗಳೇ ಅಂಗಡಿಗೆ ಬಂದು ಎರಡು ದೊಡ್ಡ ಪೆಟ್ಟಿಗೆ ಆರಿಸಿ, "ಅಪ್ಪ, ಇದನ್ನ ತಗೊಂಡ್ ಬರ್ರಿ," ಎಂದಳು. ಕಿಟಕಿಗಳನ್ನು ಅವಳೇ ಬರೆದಳು. ಹೆಂಡತಿ ಅವತ್ತು ಬಿಡುವಿನಲ್ಲಿದ್ದಳು. ಕತ್ತರಿ ತೆಗೆದುಕೊಂಡು ನಮ್ಮ ಜೊತೆ ಕೂತಳು, ಅಷ್ಟು ವರ್ಷದಲ್ಲಿ ಮೊದಲ ಸಲ. ನನಗೆ ಕೊಟ್ಟ ಕೆಲಸ ಅಂಟು ಹಚ್ಚುವುದು, ಚಕ್ರ ಹಿಡಿದುಕೊಳ್ಳುವುದು. ಬೋರ್ಡಿನಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಸರಿಮಾಡಲು ನನ್ನ ಕೈ ಚಾಚಿತು, ಹಿಂದಕ್ಕೆ ತೆಗೆದುಕೊಂಡೆ.

ಬಸ್ಸಿಗೆ ಬಹುಮಾನ ಬರಲಿಲ್ಲ. ಮಗ ವೇದಿಕೆಯ ಮೇಲೆ ಹಾರ್ನ್ ಮಾಡುತ್ತಾ ಮೂರು ಸುತ್ತು ಹೊಡೆದು, ಕೆಳಗೆ ಕೂತಿದ್ದ ಅಕ್ಕನ ಹತ್ತಿರ ಬಂದು ನಿಲ್ಲಿಸಿದ. ಹತ್ತುವವರು ಹತ್ತಿ ಎಂದ. ಅವಳು ಪೆಟ್ಟಿಗೆಯ ಹಿಂಬದಿ ಹಿಡಿದುಕೊಂಡಳು. ಇಬ್ಬರೂ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ, ಮೈದಾನದ ಕಡೆ ಹೋದರು.